ಮುಂಬಯಿ ಪ್ಲ್ಯಾನಿನಲ್ಲಿ ಡೊಂಬಿವಲಿ

ಬೇಸಿಗೆ ರಜೆಗೆಂದು ಸಂಭಾಜಿನಗರದಿಂದ ನಾಸಿಕಕ್ಕೆ ಬಂದ ಮೊಮ್ಮಗಳು ರುಚಿತಾ 'ಮುಂಬಯಿ' ಎಂದದ್ದೇ ತಡ, ಮಧುಕರರು ಹಾಳೆ, ಪೆನ್ನು, ಸ್ಕೇಲು ಹಿಡಿದು ಊಟದ ಮೇಜಿಗೆ ಕೂತರು. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕಳೆದವರು. ಗೆರೆ ಎಳೆಯದೆ ಏನನ್ನೂ ಬರೆಯಲಾರರು. ಶನಿವಾರಕ್ಕೊಂದು, ಭಾನುವಾರಕ್ಕೊಂದು ಕಾಲಂ ಆಯಿತು. ಬೆಳಿಗ್ಗೆ ಏಳರ ಪಂಚವಟಿ ಎಕ್ಸ್‌ಪ್ರೆಸ್, ಹನ್ನೊಂದರ ಹೊತ್ತಿಗೆ ಮುಂಬಯಿ, ಮಧ್ಯಾಹ್ನ ಮ್ಯೂಸಿಯಂ, ಸಂಜೆ ಗೇಟ್‌ವೇ. ಮರುದಿನ ದೋಣಿಯಲ್ಲಿ ಎಲಿಫೆಂಟಾ.

"ಅಜ್ಜಾ, ಚೌಪಾಟಿ ಪಣ್ ಲಿಹಾ ನಾ," ಎಂದಳು ರುಚಿತಾ. ಹದಿಮೂರರ ಹುಡುಗಿ. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಮರಾಠಿ. ಮಧುಕರರು ಚೌಪಾಟಿಯನ್ನೂ ಬರೆದುಕೊಂಡರು.

ಪಕ್ಕದಲ್ಲಿ ಕೊತ್ತಂಬರಿ ಸೋಸುತ್ತ ಕೂತಿದ್ದ ಭಾನುಮತಿಯವರು ತಲೆ ಎತ್ತದೆ ಹೇಳಿದರು: "ಶನಿವಾರದಾಗ ಡೊಂಬಿವಲಿ ಅಂತ ಬರೀರಿ."

"ಡೊಂಬಿವಲಿ? ಅಲ್ಲೇನದ? ಅಲ್ಲಿ ಮಂದಿನ ಮುಂಬಯಿಗೆ ಹೋಗ್ತಾರ. ಮುಂಬಯಿ ನೋಡ್ಲಿಕ್ಕೆ ಹೊಂಟವ್ರು ಡೊಂಬಿವಲ್ಯಾಗ ಇಳಿಯೂದನ್ನ ನಾ ಎಲ್ಲೂ ಕೇಳಿಲ್ಲ."

"ಸುಶೀಲಾಬಾಯಿ ಇದ್ದಾರಲ್ಲಿ."

ಮಧುಕರರ ಪೆನ್ನು ನಿಂತಿತು. ಹೆಂಡತಿಯ ಬಾಯಲ್ಲಿ ಆ ಹೆಸರು ಕೇಳಿ ಮೂವತ್ತಾರು ವರ್ಷವಾಗಿತ್ತು.

ಭಾನುಮತಿಯವರು ಗದಗಿನವರು. ಮದುವೆಗೆ ಮೊದಲೇ ಹುಬ್ಬಳ್ಳಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಗಂಡನಿಗೆ ನಾಸಿಕಕ್ಕೆ ವರ್ಗವಾದಾಗ, ಎಂಬತ್ತಮೂರರಲ್ಲಿ, ತಾವೂ ವರ್ಗ ಕೇಳಿ ಬಂದರು. ಅಲ್ಲಿ ಅವರ ಪಾಲಿಗೆ ಬಂದದ್ದು ಮುಂಬಯಿಯ ಕರೆಗಳನ್ನು ಕೈಯಿಂದ ಜೋಡಿಸಿಕೊಡುವ ಬೋರ್ಡು. ಲಾಸಲಗಾಂವದ ಈರುಳ್ಳಿ ವ್ಯಾಪಾರಿಗಳಿಗೆ ಬೆಳಗಾದರೆ ಮುಂಬಯಿ ಪೇಟೆಯ ದರ ಬೇಕು, ಅದೂ ಅರ್ಜೆಂಟ್ ಕಾಲ್‌ನಲ್ಲಿ. ಒಂದು ಕಿವಿಯಲ್ಲಿ ಅವರ ಅವಸರ, ಇನ್ನೊಂದರಲ್ಲಿ ಮೇಲ್ವಿಚಾರಕರ ಗದರಿಕೆ. ಭಾನುಮತಿಗೆ ಬರುತ್ತಿದ್ದುದು ಗದಗಿನ ಕನ್ನಡ, ಪುಸ್ತಕದ ಇಂಗ್ಲಿಷ್ ಮತ್ತು ನಾಲ್ಕೈದು ಮರಾಠಿ ಶಬ್ದ.

ಮುಂಬಯಿಯ ಕಡೆ ಆ ಲೈನಿನಲ್ಲಿ ಕೂರುತ್ತಿದ್ದವರು ಸುಶೀಲಾಬಾಯಿ, ರತ್ನಾಗಿರಿಯ ಕಡೆಯವರು. ವಾರದೊಳಗೆ ಅವರಿಗೆ ತಿಳಿದುಹೋಯಿತು, ನಾಸಿಕದ ಹೊಸ ಹುಡುಗಿಗೆ ಮರಾಠಿ ಬಾರದೆಂದು. ಎರಡು ಕಾಲ್‌ಗಳ ನಡುವೆ ಸಿಗುವ ಹತ್ತು ಹದಿನೈದು ಸೆಕೆಂಡಿನಲ್ಲಿ ಪಾಠ ಶುರುವಾಯಿತು. ಸ್ವಂತ ಮಾತು ಆಡಬಾರದೆಂಬ ನಿಯಮವಿತ್ತು. ಆದ್ದರಿಂದ ಒಂದು ವಾಕ್ಯ ಬೆಳಿಗ್ಗೆ ಶುರುವಾದರೆ ಮಧ್ಯಾಹ್ನ ಮುಗಿಯುತ್ತಿತ್ತು. ಅಮಸೋಲು ಎಂಬ ಒಣ ಪುನರ್ಪುಳಿಯ ಸಾರು ಮಾಡುವ ಬಗೆಯನ್ನು ಕಲಿಯಲು ಮೂರು ದಿನ ಹಿಡಿಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ನಾಸಿಕದ ತರಕಾರಿಯವಳು ಭಾನುಮತಿಯನ್ನು ಕೇಳಿದ್ದಳು: "ನೀವು ಕೊಂಕಣದವರೇನು?" ಸುಶೀಲಾಬಾಯಿ ಎಳೆಯುವಂತೆಯೇ ಮಾತಿನ ಕೊನೆಯನ್ನು ಎಳೆಯುವುದು ಅವರಿಗೂ ರೂಢಿಯಾಗಿತ್ತು.

ಮುಖ ಮಾತ್ರ ಒಬ್ಬರದನ್ನೊಬ್ಬರು ನೋಡಿರಲಿಲ್ಲ.

ಎಂಬತ್ತೆಂಟರ ಚಳಿಗಾಲ. ಭಾನುಮತಿಗೆ ಎಂಟು ತಿಂಗಳು ತುಂಬಿತ್ತು. ಹೆರಿಗೆ ರಜೆಯನ್ನು ಉಳಿಸಿಕೊಳ್ಳೋಣವೆಂದು ಇನ್ನೂ ಬೋರ್ಡಿಗೆ ಕೂರುತ್ತಿದ್ದರು. ಒಂದು ದಿನ ಬೆಳಿಗ್ಗೆಯಿಂದ ನಡ ಹಿಡಿದುಕೊಳ್ಳುತ್ತಿತ್ತು, ಬೆನ್ನುನೋವೆಂದುಕೊಂಡು ಸುಮ್ಮನಿದ್ದರು. ನಂಬರು ಹೇಳುತ್ತ ಹೇಳುತ್ತ ಎರಡು ಸಲ ಉಸಿರು ಸಿಕ್ಕಿಕೊಂಡಿತು. ಅದನ್ನು ಪಕ್ಕದ ಕುರ್ಚಿಯ ಶಬಾನಾ ಕೂಡ ಗಮನಿಸಲಿಲ್ಲ. ನೂರೆಂಬತ್ತು ಕಿಲೋಮೀಟರು ದೂರದಲ್ಲಿದ್ದ ಸುಶೀಲಾಬಾಯಿಗೆ ಕೇಳಿಸಿತು. ಅವರು ಇನ್ನೊಂದು ಲೈನಿನಿಂದ ನೇರವಾಗಿ ನಾಸಿಕದ ಮೇಲ್ವಿಚಾರಕರನ್ನೇ ಹಿಡಿದು, "ನಿಮ್ಮ ನಾಲ್ಕನೇ ಸೀಟಿನ ಹುಡುಗಿಗೆ ನೋವು ಶುರುವಾಗಿದೆ, ಮೊದಲು ಆಸ್ಪತ್ರೆಗೆ ಕಳಿಸಿ," ಎಂದರು. ಮಗಳು ಮಧುರಾ ಆ ಸಂಜೆಯೇ ಹುಟ್ಟಿದಳು.

ಮುಂದಿನ ಏಪ್ರಿಲಿನಲ್ಲಿ ಸುಶೀಲಾಬಾಯಿ ಕರೆದರು: "ಮೇ ತಿಂಗಳಲ್ಲಿ ಎರಡು ದಿನಕ್ಕಾದರೂ ಬಾ. ಮಗುವಿಗೆ ಸಮುದ್ರ ತೋರಿಸೋಣ, ನಿನಗೆ ಮಾವಿನ ಹಣ್ಣಿನ ಆಮರಸ ಬಡಿಸುತ್ತೇನೆ." ತಿಂಗಳಿಡೀ ತುಂಡು ತುಂಡಾಗಿ ಪ್ಲ್ಯಾನು ಬೆಳೆಯಿತು. ಶನಿವಾರದ ಪಂಚವಟಿ, ದಾದರಿನಲ್ಲಿ ಇಳಿಯುವುದು, ಪ್ಲಾಟ್‌ಫಾರ್ಮಿನ ಪುಸ್ತಕದಂಗಡಿಯ ಮುಂದೆ ಸುಶೀಲಾಬಾಯಿ ನಿಂತಿರುವುದು. "ಹಸಿರು ಸೀರೆ ಉಟ್ಟಿರುತ್ತೇನೆ. ಗುರುತು ಸಿಗದಿದ್ದರೆ ಬಾಯಿ ತೆಗೆ, ಸಾಕು."

ಶುಕ್ರವಾರ ಸಂಜೆ ಮಗುವಿನ ಮೈ ಕೆಂಡವಾಯಿತು. ಬೆಳಗಾಗುವಷ್ಟರಲ್ಲಿ ಮೈತುಂಬ ಸೀತಾಳೆ ಸಿಡುಬು ಎದ್ದಿತ್ತು. ಸುಶೀಲಾಬಾಯಿಗೆ ತಿಳಿಸುವುದು ಹೇಗೆ? ಅವರಿಗೆ ಅವತ್ತು ರಜೆ, ಮನೆಯಲ್ಲಿ ಫೋನಿರಲಿಲ್ಲ. ಊರಿಗೆಲ್ಲ ಫೋನು ಜೋಡಿಸಿಕೊಡುವ ಇಬ್ಬರು ಹೆಂಗಸರಿಗೆ ತಮ್ಮೊಳಗೆ ಒಂದು ಮಾತು ಮುಟ್ಟಿಸಲು ದಾರಿಯಿರಲಿಲ್ಲ. ಭಾನುಮತಿ ಹನ್ನೆರಡು ದಿನ ಕಳೆದು ಡ್ಯೂಟಿಗೆ ಹೋದಾಗ ಆ ಲೈನಿನಲ್ಲಿ ಬೇರೆ ಯಾರದೋ ದನಿ: ಸುಶೀಲಾಬಾಯಿ ಊರಿಗೆ ಹೋಗಿದ್ದಾರೆ, ಬಂದ ಮೇಲೆ ಬೇರೆ ವಿಭಾಗವಂತೆ. ಜೂನಿನಲ್ಲಿ ಮಧುಕರರಿಗೆ ಔರಂಗಾಬಾದಿಗೆ ವರ್ಗವಾಯಿತು. ಆಗ ಸಂಭಾಜಿನಗರಕ್ಕೆ ಅದೇ ಹೆಸರು. ಅಲ್ಲಿಗೆ ಹೋದ ಕೆಲವೇ ವರ್ಷಗಳಲ್ಲಿ ಜನ ತಾವೇ ನಂಬರು ತಿರುಗಿಸಿ ಮಾತಾಡುವ ಕಾಲ ಬಂತು. ಬೋರ್ಡುಗಳನ್ನು ಬಿಚ್ಚಿ ಗೋದಾಮಿಗೆ ಸಾಗಿಸಿದರು. ಹಸಿರು ಸೀರೆಯ ಹೆಂಗಸೊಬ್ಬರು ಅಂಗಡಿಯ ಮುಂದೆ ಕಾದು ನಿಂತ ಚಿತ್ರ ಮಾತ್ರ ಭಾನುಮತಿಯ ಮನಸ್ಸಿನಲ್ಲಿ ಹಾಗೇ ಉಳಿಯಿತು. ದೌಲತಾಬಾದಿನ ಕೋಟೆಗೆ ಮಕ್ಕಳನ್ನು ಕರೆದೊಯ್ದಾಗ, ಯಾರಾದರೂ ಹಸಿರುಟ್ಟು ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುತ್ತ ನಿಂತರೂ ತಿರುಗಿ ತಿರುಗಿ ನೋಡುತ್ತಿದ್ದರು.

ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ನಾಸಿಕಕ್ಕೇ ಮರಳಿದ್ದರು. ಹೋದ ತಿಂಗಳು ಶಬಾನಾ ಪಿಂಚಣಿದಾರರ ವಾಟ್ಸಾಪ್ ಗುಂಪಿನಲ್ಲಿ ಹುಡುಕಿ ಸುಶೀಲಾಬಾಯಿಯ ನಂಬರು ಕಳಿಸಿದ್ದಳು. ಭಾನುಮತಿಯವರು ಅದನ್ನು ಇಪ್ಪತ್ತು ದಿನ ನೋಡುತ್ತಲೇ ಇದ್ದರು.

"ಹಂಗಾರ ಮೊದ್ಲ ಫೋನ್ ಮಾಡು," ಎಂದರು ಮಧುಕರರು. "ಅವ್ರು ಇರ್ತಾರೋ ಇಲ್ಲೋ. ಹೇಳದ ಕೇಳದ ಹೋಗಿ ಬಾಗ್ಲಾ ಬಡಿಯೂದೇನು?"

"ಏನಂತ ಮಾತಾಡ್ಲಿರಿ? ಸಿಟ್ಟಿನಾಗಿದ್ರ?"

"ಮೂವತ್ತಾರು ವರ್ಷ ಯಾರ ಸಿಟ್ಟು ಇಟ್ಟುಕೋತಾರ?"

"ನಾ ಇಟ್ಟುಕೊಂಡೇನಲ್ಲ, ನನ್ನ ಮ್ಯಾಲ ನಾನ."

ಅಜ್ಜಿ ಅಜ್ಜನ ಮುಖವನ್ನು ಬದಲಿಸಿ ಬದಲಿಸಿ ನೋಡುತ್ತಿದ್ದ ರುಚಿತಾ ಫೋನು ಕಸಿದುಕೊಂಡು ನಂಬರು ಒತ್ತಿ ಅಜ್ಜಿಯ ಕಿವಿಗೆ ಹಿಡಿದಳು.

"ಬೋಲಾ," ಎಂದಿತು ಆ ಕಡೆಯ ದನಿ. ತೆಳ್ಳಗಾಗಿತ್ತು, ಆದರೆ ಕೊನೆಯಲ್ಲಿ ಅದೇ ಎಳೆತ. ಭಾನುಮತಿಯವರು ಹೊಂದಿಸಿಟ್ಟುಕೊಂಡಿದ್ದ ಮಾತೆಲ್ಲ ಹಾರಿಹೋಯಿತು. "ನಾಸಿಕ್," ಎಂದರು, ಅಷ್ಟೇ.

ಅತ್ತ ಕುಕ್ಕರೊಂದು ಕೂಗಿ ಸುಮ್ಮನಾಯಿತು. ಆಮೇಲೆ ಮರಾಠಿಯಲ್ಲಿ ಪ್ರಶ್ನೆ ಬಂತು: "ಅಗ ಭಾನೂ... ಮಗಳ ಮೈಮೇಲೆ ಕಲೆ ಉಳಿಯಲಿಲ್ಲ ತಾನೇ?"

ಭಾನುಮತಿಯವರು ಮೊಮ್ಮಗಳ ಕೈಯಿಂದ ಫೋನು ತೆಗೆದುಕೊಂಡರು. "ನಿಮಗೆ ಗೊತ್ತಿತ್ತಾ?"

"ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹೋದವಳೇ ನಿಮ್ಮ ಬೋರ್ಡಿಗೆ ಕೇಳಿದೆ. ಶಬಾನಾ ಹೇಳಿದಳು, ಮಗುವಿಗೆ ಸಿಡುಬು ಎದ್ದಿದೆ ಅಂತ. ನಾನು ಕೇಳಿದ್ದೆ ಅಂತ ನಿನಗೆ ತಿಳಿಸಿರಬೇಕು ಅಂದುಕೊಂಡೆ."

ಶಬಾನಾ ತಿಳಿಸಿರಲಿಲ್ಲ, ಮರೆತಿದ್ದಳು. ಭಾನುಮತಿಯವರು ನಗುತ್ತ ಕಣ್ಣೊರೆಸಿಕೊಂಡರು. "ಎಷ್ಟು ಹೊತ್ತು ಕಾದಿರಿ ಅವತ್ತು?"

"ಮೂರು ಗಾಡಿ ನೋಡಿದೆ. ಆಮೇಲೆ ಹಸಿವಾಯಿತು. ಅಲ್ಲೇ ಬಟಾಟೆವಡೆ ತಿಂದು ಮನೆಗೆ ಬಂದು ಮಲಗಿದೆ. ಯಾವಾಗ ಬರುತ್ತೀ ಅದನ್ನು ಹೇಳು."

ಆ ಶನಿವಾರ ಮೂವರೂ ಕಲ್ಯಾಣದಲ್ಲಿ ಇಳಿದು, ಲೋಕಲ್ ಹಿಡಿದು, ಬೆವರಲ್ಲಿ ತೊಯ್ದು ಡೊಂಬಿವಲಿ ಮುಟ್ಟಿದರು. ಊಟ ಮುಗಿಸಿ ಮೂರು ಗಂಟೆಗೆ ಮುಂಬಯಿಗೆ ಹೊರಡುವುದೆಂದು ಮಧುಕರರು ಹಾಳೆಯನ್ನು ತಿದ್ದಿಕೊಂಡಿದ್ದರು.

ಬಾಗಿಲು ತೆರೆದವರು ಕುಳ್ಳಗೆ, ದಪ್ಪ ಕನ್ನಡಕದ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಹೆಂಗಸು. ಭಾನುಮತಿಯವರು ಎಣಿಸಿಕೊಂಡಿದ್ದ ಸುಶೀಲಾಬಾಯಿ ಎತ್ತರ, ತೆಳ್ಳಗೆ, ಉದ್ದ ಜಡೆಯವರು. ಎದುರಿನವರಿಗೂ ಹಾಗೇ ಅನ್ನಿಸಿರಬೇಕು. ಇಬ್ಬರೂ ಸೋಫಾದ ಎರಡು ತುದಿಯಲ್ಲಿ ಕೂತು, ಸೆಕೆ ಬಹಳ, ಹೌದು ಬಹಳ, ಎಂದು ಹೊಸ ಬೀಗರಂತೆ ಮಾತಾಡಿದರು. ಸುಶೀಲಾಬಾಯಿಯ ಯಜಮಾನರು ತೀರಿ ಆರು ವರ್ಷವಾಗಿತ್ತು, ಮಗ ಪುಣೆಯಲ್ಲಿದ್ದ. ಅದನ್ನೂ ಅಪರಿಚಿತರಿಗೆ ಹೇಳುವಂತೆ ಹೇಳಿದರು. ಭಾನುಮತಿಯವರಿಗೆ ಒಳಗೊಳಗೇ ಕಸಿವಿಸಿ. ಇದಕ್ಕಾಗಿ ಇಷ್ಟು ದೂರ ಬಂದೆನೇ?

ಸುಶೀಲಾಬಾಯಿ ಎದ್ದು ಅಡುಗೆಮನೆಗೆ ಹೋದರು. ಗೋಡೆಯ ಆಚೆಯಿಂದ ಕೇಳಿದರು: "ಭಾನೂ, ಆಮರಸಕ್ಕೆ ಏಲಕ್ಕಿ ಹಾಕಲೋ, ಬೇಡವೋ?"

ಮುಖ ಕಾಣದೆ ಬಂದ ಆ ದನಿ ಭಾನುಮತಿಯವರಿಗೆ ಹಳೆಯ ಲೈನಿನದೇ ಆಗಿತ್ತು. ಕೂತಲ್ಲಿಂದಲೇ ಉತ್ತರ ಕೊಟ್ಟರು. ಅತ್ತಲಿಂದ ಇನ್ನೊಂದು ಪ್ರಶ್ನೆ, ಇತ್ತಲಿಂದ ಇನ್ನೊಂದು ಉತ್ತರ. ಮೇಲ್ವಿಚಾರಕರ ಕೆಮ್ಮು, ಲಾಸಲಗಾಂವದ ಸೇಠನೊಬ್ಬ ಲೈನು ತಪ್ಪಿ ಮುಂಬಯಿಯ ಹೆರಿಗೆ ಆಸ್ಪತ್ರೆಗೆ ಈರುಳ್ಳಿಯ ದರ ಕೇಳಿದ್ದು, ಸುಶೀಲಾಬಾಯಿಯ ಊರಾದ ರಾಜಾಪುರದ ಮಾವಿನ ತೋಪು. ಹಿಟ್ಟಿನ ಕೈಯಲ್ಲೇ ಸುಶೀಲಾಬಾಯಿ ಹೊರಬಂದಾಗ ಮಾತು ನಿಲ್ಲಲಿಲ್ಲ; ದನಿಗೆ ಈ ಮುಖವೇ ಸರಿ ಎನ್ನಿಸಿತ್ತು. ತನ್ನ ಅಮ್ಮ ಮಧುರಾ ಹುಟ್ಟಿದ ದಿನದ ಕತೆಯನ್ನು ರುಚಿತಾ ಮೊದಲ ಸಲ ಕೇಳಿದಳು. ಬಾಯಿ ಬಿಟ್ಟುಕೊಂಡು, ಎರಡು ಸಲ ಹೇಳಿಸಿಕೊಂಡಳು.

ಮೂರಾಯಿತು, ನಾಲ್ಕಾಯಿತು. ಮಧುಕರರು ಗಡಿಯಾರ ನೋಡಿದರು, ಕೆಮ್ಮಿದರು, ಕೊನೆಗೆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಸೋಫಾದ ಮೇಲೇ ಮಲಗಿಬಿಟ್ಟರು. ಎರಡು ಬಟ್ಟಲು ಆಮರಸ ಉಂಡವರಿಗೆ ಮ್ಯೂಸಿಯಮ್ಮು ಎಲ್ಲಿಯದು! ಮರುದಿನ ಬೆಳಿಗ್ಗೆ ಅವರು ಮೊಮ್ಮಗಳನ್ನು ಕರೆದುಕೊಂಡು ಚೌಪಾಟಿಗೆ ಹೋಗಿ ಬಂದರು. ಆ ಹೊತ್ತಿನಲ್ಲಿ ಇಬ್ಬರು ಹೆಂಗಸರು ತಾರಸಿಯ ಮೇಲೆ ಹಪ್ಪಳ ಒಣಹಾಕಿ, ನೀರಿನ ಟಾಕಿಯ ನೆರಳಿನಲ್ಲಿ ಕೂತು ಕಾಗೆ ಓಡಿಸಿದರು.

ಭಾನುವಾರ ಸಂಜೆ ನಾಸಿಕದ ಗಾಡಿ ಕಸಾರಾ ದಾಟಿ ಘಾಟ್ ಹತ್ತುವಾಗ ಕಿಟಕಿಯಿಂದ ಗಾಳಿ ಸ್ವಲ್ಪ ತಂಪಾಯಿತು. ಬಿಸಿಲಿಗೆ ಮೂಗು ಕೆಂಪಾಗಿದ್ದ ರುಚಿತಾ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು.

"ಎರಡು ದಿನದಾಗ ನೀ ಮುಂಬಯಿದು ಒಂದು ಕಟ್ಟಡಾನೂ ನೋಡ್ಲಿಲ್ಲ," ಎಂದರು ಮಧುಕರರು.

"ಹೌದಲ್ರಿ," ಎಂದು ಭಾನುಮತಿಯವರು ಕಾಲ ಬಳಿಯಿದ್ದ ಹಪ್ಪಳದ ಡಬ್ಬಿಯನ್ನು ಮೊಮ್ಮಗಳ ಕಾಲು ತಾಕದಂತೆ ಒಳಕ್ಕೆ ಸರಿಸಿದರು.