ದೊಡ್ಡದರ ಬಲಗಡೆ ಸೀಟು

ನಮ್ಮ ಮನೆಯ ಹಿತ್ತಲ ಶೆಡ್ಡಿಗೆ ಇಬ್ಬರು ಹಕ್ಕುದಾರರಿದ್ದರು. ಅಪ್ಪಾಜಿಯ ಪರವಾಗಿ ಅದರೊಳಗೆ ಒಂದು ಹಳೆಯ ಅಮೆರಿಕದ ಕಾರು ನಿಂತಿತ್ತು. ಅಮ್ಮನ ಪರವಾಗಿ ಮೂರು ರೊಟ್ಟಿ ಒಲೆಗಳು ಅಡುಗೆಮನೆಯಲ್ಲಿ ಇಕ್ಕಟ್ಟಾಗಿ ಉರಿಯುತ್ತ ಸರದಿಗಾಗಿ ಕಾಯುತ್ತಿದ್ದವು. ಅಮ್ಮ ಓಣಿಯ ಇಬ್ಬರು ಹೆಂಗಸರನ್ನು ಜೊತೆಗಿಟ್ಟುಕೊಂಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾರೆ.

ಕಾರು ಅಪ್ಪಾಜಿಗಿಂತ ವಯಸ್ಸಿನಲ್ಲಿ ಹಿರಿಯದು. ದಾವಣಗೆರೆಯ ಹಳೆಯ ಹತ್ತಿ ಗೋದಾಮೊಂದನ್ನು ಕೆಡವುವಾಗ ಮೂಲೆಯಲ್ಲಿ ಸಿಕ್ಕಿದ್ದು. ಎಂದೋ ಹತ್ತಿ ಗಿರಣಿಗೆ ಯಂತ್ರ ಕೂರಿಸಲು ಬಂದಿದ್ದ ಪರದೇಶದ ಎಂಜಿನಿಯರೊಬ್ಬರು ಜೊತೆಗೆ ತಂದಿದ್ದು, ಹೋಗುವಾಗ ಮಾಲೀಕರಿಗೆ ಬಿಟ್ಟುಹೋದರಂತೆ. ಹಾಗಾಗಿ ಅದರ ಸ್ಟೇರಿಂಗು ಎಡಗಡೆ. ಟ್ರ್ಯಾಕ್ಟರಿಗೆ ಕಟ್ಟಿ ಆನೆಕೊಂಡದ ನಮ್ಮ ಓಣಿಗೆ ಎಳೆದು ತಂದ ದಿನ ಅದರ ಮೂತಿ ನಮ್ಮ ಗೇಟಿನಲ್ಲಿದ್ದರೆ ಬಾಲ ಪಕ್ಕದ ಮನೆಯ ರಂಗೋಲಿಯ ಮೇಲಿತ್ತು. ಓಣಿಯವರು ಅದನ್ನು ‘ದೊಡ್ಡದು’ ಎಂದು ಕರೆದರು. ನಾವೂ ಹಾಗೇ ಕರೆದೆವು.

ಅಪ್ಪಾಜಿಯದು ಹಾರ್ಡ್‌ವೇರ್ ಅಂಗಡಿ. ವಾರವೆಲ್ಲ ನಟ್ಟು ಬೋಲ್ಟು ಮಾರಿ, ಭಾನುವಾರ ಅದೇ ನಟ್ಟು ಬೋಲ್ಟುಗಳ ನಡುವೆ ಮಲಗುತ್ತಿದ್ದರು. ನನಗೆ ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಚಟ. ಬಿಚ್ಚಿದ ಪ್ರತಿ ಸಾಮಾನಿಗೆ ಚೀಟಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಬ್ರೇಕಿನ ಸಿಲಿಂಡರುಗಳು ತುಕ್ಕು ತಿಂದಿದ್ದವು. ಹರಿಹರದ ಲೇತ್ ಅಂಗಡಿಯಲ್ಲಿ ಕೊರೆಸಿ, ಒಳಗೆ ಹಿತ್ತಾಳೆಯ ಕೊಳವೆ ಕೂರಿಸಿದೆವು. ಕಾರ್ಬ್ಯುರೇಟರಿನ ಒಳಸಾಮಾನು ಸಮುದ್ರ ದಾಟಿ ಅಂಚೆಯಲ್ಲಿ ಬಂತು. ಮೊದಲ ಸಲ ಬೇರೆ ಯಾವುದೋ ಕಾರಿನದು, ಎರಡನೇ ಸಲ ನಮ್ಮದು. ಎಂಜಿನ್ ಪೂರಾ ಜೋಡಿಸಿದ ಮೇಲೆ ಒಂದು ಬೋಲ್ಟು ಉಳಿಯಿತು. ಅಪ್ಪಾಜಿ ಅದನ್ನು ಹೆಚ್ಚುವರಿ ಅಂದರು. ನಾನು ಡೈರಿಯಲ್ಲಿ ‘ಬಾಕಿ’ ಎಂದು ಬರೆದುಕೊಂಡೆ. ಅದು ಇವತ್ತಿಗೂ ಬಾಕಿಯೇ.

ಹೀಗೆ ಎರಡು ಬೇಸಿಗೆ ಕಳೆದವು. ಮೂರನೆಯದರ ಹೊಸ್ತಿಲಲ್ಲಿ, ಹೊಗೆಯಿಂದ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ ಅಮ್ಮ ಶೆಡ್ಡಿನ ಬಾಗಿಲಿಗೆ ಬಂದು ನಿಂತರು.

“ಯುಗಾದಿಯೊಳಗೆ ನಿಮ್ಮ ದೊಡ್ಡದು ಹರಿಹರಕ್ಕೆ ಹೋಗಿ, ದೀಪ ಹಚ್ಚೋ ಹೊತ್ತಿಗೆ ವಾಪಸ್ ಬರಬೇಕು. ಯಾರೂ ತಳ್ಳಬಾರ್ದು, ಯಾರೂ ಎಳೀಬಾರ್ದು. ಆಗ್ಲಿಲ್ಲ ಅಂದ್ರೆ ಶೆಡ್ಡು ನನ್ನ ಒಲಿಗೆ.”

“ಆದ್ರೆ?” ಎಂದರು ಅಪ್ಪಾಜಿ, ಕಾರಿನ ಕೆಳಗಿನಿಂದಲೇ.

“ಆದ್ರೆ ಇನ್ನೊಮ್ಮೆ ನಾನು ಶೆಡ್ಡಿನ ಹೆಸರು ಎತ್ತಲ್ಲ.”

ನಾನು ಷರತ್ತನ್ನು ಬರೆದುಕೊಂಡು ಇಬ್ಬರಿಗೂ ಓದಿ ಹೇಳಿದೆ. ಮಾರ್ಚಿನ ಒಂದು ಭಾನುವಾರ ಗೊತ್ತಾಯಿತು.

ಹರಿಹರದಲ್ಲಿ ಅತ್ತೆಯ, ಅಂದರೆ ಅಪ್ಪಾಜಿಯ ಅಕ್ಕನ, ಮನೆ. ಅವರಿಗೆಂದು ಅಮ್ಮ ಮೆತ್ತನೆ ರೊಟ್ಟಿಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಆ ಬಟ್ಟೆಯನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿಲ್ಲ. ಅದನ್ನು ಒಗೆಯುವುದೂ ಅಮ್ಮನೇ, ಒಣಹಾಕುವುದಕ್ಕೂ ಬೇರೆ ಹಗ್ಗ. ಮುಂದೆ, ಎಡಗಡೆ ಅಪ್ಪಾಜಿ, ಬಲಗಡೆ ನಾನು. ಎಡಗಡೆ ಕೂತು ಓಡಿಸುವವರಿಗೆ ಮುಂದಿನ ಲಾರಿಯ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಎದುರಿನಿಂದ ಏನು ಬರುತ್ತಿದೆ ಎಂಬುದು ಕಾಣುವುದು ಬಲಗಡೆಯವರಿಗೆ. ಅವರು ‘ಹೋಗಿ’ ಅಂದರೆ ಹೋಗಬೇಕು, ‘ಬೇಡ’ ಅಂದರೆ ನಿಲ್ಲಬೇಕು. ಈ ಕೆಲಸ ನನ್ನಂಥ ಲೆಕ್ಕದ ಹುಡುಗಿಗೆ ಹೇಳಿ ಮಾಡಿಸಿದ್ದು ಎಂದು ನಾವಿಬ್ಬರೂ ನಂಬಿದ್ದೆವು.

ಊರು ದಾಟುತ್ತಿದ್ದಂತೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಮುಂದೆ ಸಿಕ್ಕಿತು. ನಾನು ಕತ್ತು ಚಾಚಿ ನೋಡಿದೆ. ದೂರದಲ್ಲಿ ಒಂದು ಬಸ್ಸು. ಬೇಡ ಅಂದೆ. ಬಸ್ಸು ಹೋಯಿತು, ಹಿಂದೆ ಒಂದು ಬೈಕು. ಬೇಡ ಅಂದೆ. ಬೈಕು ಹೋದ ಮೇಲೆ ರಸ್ತೆ ಖಾಲಿ ಇತ್ತು, ಆದರೆ ಅಲ್ಲೊಂದು ತಿರುವಿತ್ತು, ತಿರುವಿನಾಚೆ ಏನಿದೆಯೋ. ಹುಲ್ಲಿನ ದೂಳು ಕಿಟಕಿಯಿಂದ ಒಳಗೆ ಬಂದು ಅಪ್ಪಾಜಿಯ ಮೀಸೆಯ ಮೇಲೆ ಕೂತಿತು. ಸೈಕಲ್ಲಿನವರೊಬ್ಬರು ನಮ್ಮನ್ನು ದಾಟಿ, ತಿರುಗಿ ನೋಡಿ ನಕ್ಕು ಮುಂದೆ ಹೋದರು. ಬಾತಿ ಗುಡ್ಡ ಕಾಣುವವರೆಗೂ ನಾವು ಆ ಹುಲ್ಲಿನ ಹಿಂದೆಯೇ ಇದ್ದೆವು.

“ನಿಲ್ಲಿಸ್ರಿ,” ಎಂದರು ಅಮ್ಮ. “ಏ, ನೀ ಹಿಂದೆ ಬಾ. ನಿನ್ನ ನಂಬಿದ್ರೆ ಬರೋ ಯುಗಾದಿಗೆ ಹರಿಹರ ಮುಟ್ತೀವಿ.”

ಜಾಗ ಬದಲಾಯಿತು. ಅಮ್ಮ ಬಲಗಡೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಮ್ಮೆ ಹೊರಗೆ ಇಣುಕಿದರು. ಒಲೆಯ ಮೇಲಿನ ರೊಟ್ಟಿ ಯಾವಾಗ ತಿರುವಬೇಕೆಂದು ನೋಡುವ ನೋಟವೇ ಅದು. ಒಂದೇ ಮಾತು: “ಹೋಗ್ರಿ.” ದೊಡ್ಡದು ಗುಡುಗಿ, ಹುಲ್ಲಿನ ಟ್ರ್ಯಾಕ್ಟರನ್ನು ಹಿಂದೆ ಹಾಕಿತು. ಅಪ್ಪಾಜಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಇನ್ನೊಂದು ‘ಹೋಗ್ರಿ’ ಬಂತು. ನಾನು ಹಿಂದೆ ಕೂತು, ದಾಟಿದ ಗಾಡಿಗೊಂದರಂತೆ ಡೈರಿಯಲ್ಲಿ ಗೀಟು ಎಳೆಯುತ್ತ ಹೋದೆ. ಹರಿಹರ ಮುಟ್ಟುವಷ್ಟರಲ್ಲಿ ಏಳು ಗೀಟುಗಳಾಗಿದ್ದವು.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕಾರಿಗಿಂತ ಮೊದಲು ಅದರ ಮುಂದಿನ ಸೀಟಿನಲ್ಲಿ ಕೂತ ಅಮ್ಮನನ್ನು ನೋಡಿ, ನೀನೇ ಓಡಿಸಿಕೊಂಡು ಬಂದೆಯಾ ಎಂದು ಕೇಳಿದರು. ಅವರ ದೃಷ್ಟಿಯಲ್ಲಿ ಬಲಗಡೆ ಕೂತವರೇ ಡ್ರೈವರು. ಅಮ್ಮ ಇಲ್ಲ ಅನ್ನಲಿಲ್ಲ. ಊಟವಾದ ಮೇಲೆ ಅತ್ತೆಯನ್ನು ಕೂರಿಸಿಕೊಂಡು ಹೊಳೆಯ ದಂಡೆಯವರೆಗೆ ಒಂದು ಸುತ್ತು ಹೋಗಿ ಬಂದೆವು. ಆ ಸುತ್ತಾಟದಲ್ಲೇ ಎಂಜಿನ್ ಕಾದಿತ್ತು. ಅಪ್ಪಾಜಿಗೆ ಅದು ಗೊತ್ತಾಗಿರಬೇಕು. ವಾಪಸ್ ಹೊರಡುವ ಮೊದಲು ಬಾನೆಟ್ಟಿನ ಮೇಲೆ ಎರಡು ಸಲ ಅಂಗೈ ಇಟ್ಟು ನೋಡಿದರು. ದಾರಿಯಲ್ಲಿ ನನ್ನ ಡೈರಿಗೆ ಇನ್ನೂ ಮೂರು ಗೀಟು ಬಿದ್ದವು.

ಬಾತಿ ಕೆರೆಯ ಹತ್ತಿರ ದೊಡ್ಡದು ಎರಡು ಸಲ ಬಿಕ್ಕಿ, ನಿಂತಿತು.

ಅಪ್ಪಾಜಿ ಬಾನೆಟ್ ಎತ್ತಿ ನೋಡಿದರು. ಬಿಸಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ, ಪಂಪು ಬರೀ ಗಾಳಿ ಎಳೆಯುತ್ತಿತ್ತು. ತಾನೇ ತಣ್ಣಗಾಗಲಿ ಎಂದು ಬಿಟ್ಟರೆ ಕತ್ತಲಾಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಬೇಗ ಸರಿಹೋಗುತ್ತದೆ ಎಂದರು. ಆದರೆ ಕಾರಿನಲ್ಲಿದ್ದ ಬಟ್ಟೆಗಳೆಲ್ಲ ಗ್ರೀಸು, ಪೆಟ್ರೋಲು ಮೆತ್ತಿದವು. ಕಾದ ಎಂಜಿನ್ನಿನ ಹತ್ತಿರ ಒಯ್ಯುವಂತಿರಲಿಲ್ಲ. ನನ್ನ ದುಪಟ್ಟಾ ನೀರೇ ಹೀರದ ಜಾತಿಯದು.

ಇಷ್ಟರಲ್ಲಿ ಜನ ಸೇರಿದರು. ನಿಂತ ಕಾರು ಕಂಡರೆ ನಮ್ಮ ಕಡೆಯವರ ಕೈ ಸುಮ್ಮನಿರುವುದಿಲ್ಲ. ಕೆರೆಯ ಕಡೆಯಿಂದ ಎಮ್ಮೆ ಹೊಡೆದುಕೊಂಡು ಬಂದವರು, ಬೈಕಿನವರು, ಹಾಲಿನ ಕ್ಯಾನಿನವರು, ಎಲ್ಲರೂ ಕೇಳುವ ಮೊದಲೇ ಡಿಕ್ಕಿಯ ಮೇಲೆ ಕೈಯಿಟ್ಟರು.

“ಕೂಡ್ರಿ ಯಜಮಾನ್ರೆ, ತಳ್ತೀವಿ. ಎಷ್ಟೊತ್ತಿನ ಕೆಲಸ ಇದು?”

ಅಪ್ಪಾಜಿ ಬೇಡ ಬೇಡ ಎನ್ನುತ್ತ ಹಿಂದಕ್ಕೆ ಓಡಿದರು. ಇವರು ಸಂಕೋಚಪಡುತ್ತಿದ್ದಾರೆ ಎಂದು ತಿಳಿದ ಜನ ಇನ್ನಷ್ಟು ಗಟ್ಟಿಯಾಗಿ ಕೈ ಕೊಟ್ಟರು. ನಾನು ಅಮ್ಮನ ಮುಖ ನೋಡಿದೆ. ಅವರು ಏನೂ ಮಾಡಬೇಕಿರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕು, ಶೆಡ್ಡು ಅವರದು.

ಅಮ್ಮ ಕೆಳಗಿಳಿದರು. ಕಾರಿನ ಹಿಂದೆ ಹೋಗಿ ನಿಂತರು.

“ಯಾರೂ ಮುಟ್ಟಬ್ಯಾಡ್ರಿ. ಬೆಳಿಗ್ಗೆಯಿಂದ ಹತ್ತು ಗಾಡಿ ದಾಟಿಸೀನಿ ನಾನು. ಈಗ ತಳ್ಳಿಸ್ಕೊಂಡು ಊರಿಗೆ ಹೋಗ್ಲಾ?”

ಜನ ಕೈ ತೆಗೆದರು. ಅಮ್ಮ ಚೀಲದಿಂದ ರೊಟ್ಟಿಯ ಬಿಳಿ ಬಟ್ಟೆಯನ್ನು ತೆಗೆದು, ಜೋಳದ ಹಿಟ್ಟು ಕೊಡವಿ, ಬಾಟಲಿಯ ನೀರು ಸುರಿದು ಹಿಂಡಿ ಅಪ್ಪಾಜಿಯ ಕೈಗಿಟ್ಟರು. ಅಪ್ಪಾಜಿ ಅದನ್ನು ಹಿಡಿದು ಒಂದು ಕ್ಷಣ ಹಿಂದೆಮುಂದೆ ನೋಡಿದರು. ಹಾಕ್ರಿ ಅಂದರು ಅಮ್ಮ. ಎರಡು ಸಲ ಒದ್ದೆ ಮಾಡಿ ಹಾಕಿದ ಮೇಲೆ ದೊಡ್ಡದು ಕೆಮ್ಮಿ ಎದ್ದಿತು. ಬಟ್ಟೆ ಕಪ್ಪಾಗಿತ್ತು. ತಳ್ಳಲು ಬಂದವರೇ ಸಿಳ್ಳೆ ಹಾಕಿ ಬೀಳ್ಕೊಟ್ಟರು.

ಪಕ್ಕದ ಮನೆಯವರು ತುಳಸಿಕಟ್ಟೆಗೆ ದೀಪ ತರುವಾಗ ನಾವು ಓಣಿಗೆ ತಿರುಗಿದೆವು. ನೀವು ಗೆದ್ದಿರಿ ಎಂದು ಅಮ್ಮನೇ ಹೇಳಿದರು. ಅಪ್ಪಾಜಿ ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ಮುಂದಿನ ಭಾನುವಾರ ಲೋಕಿಕೆರೆಯ ಕಡೆ ಹೋಗಿಬರೋಣ ಎಂದು ಅಪ್ಪಾಜಿ ಕಾರು ಹೊರಗೆ ತೆಗೆದು ಹಾರ್ನ್ ಬಾರಿಸಿದರು. ಅಮ್ಮ ಬರಲಿಲ್ಲ. ಮತ್ತೆ ಬಾರಿಸಿದರು. ಹಿಟ್ಟಿನ ಕೈಯಲ್ಲೇ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದರು.

“ಶೆಡ್ಡಿನ ಹೆಸರು ಎತ್ತಲ್ಲ ಅಂದೀನಿ, ಎತ್ತಲ್ಲ. ಆದ್ರೆ ಈ ಇಕ್ಕಟ್ಟಿನಾಗೆ ನನ್ನ ಕೆಲಸ ಸಂಜಿತನ ಮುಗಿಯಲ್ಲ. ಮಗಳನ್ನ ಕೂಡಿಸ್ಕೊಂಡು ಹೋಗ್ರಿ.”

ನಾನು ಆಗಲೇ ಬಲಗಡೆ ಸೀಟಿನಲ್ಲಿ ಡೈರಿ ತೆರೆದು ಕೂತಿದ್ದೆ. ಅಪ್ಪಾಜಿ ನನ್ನನ್ನು ನೋಡಿದರು. ಅವರಿಗೆ ಹುಲ್ಲಿನ ಟ್ರ್ಯಾಕ್ಟರು ನೆನಪಾಯಿತೆಂದು ಮುಖದಲ್ಲೇ ಗೊತ್ತಾಯಿತು. ಎಂಜಿನ್ ಆರಿಸಿ ಇಳಿದು, ಶೆಡ್ಡಿಗೆ ಹೋಗಿ ಅಲ್ಲಿ ಪೇರಿಸಿಟ್ಟಿದ್ದ ಹಳೆಯ ಟೈರುಗಳನ್ನು ಒಂದೊಂದಾಗಿ ಹೊರಗೆ ಉರುಳಿಸತೊಡಗಿದರು.

ಯುಗಾದಿಯ ಹೋಳಿಗೆ ಶೆಡ್ಡಿನ ಒಲೆಯಲ್ಲೇ ಬೆಂದಿತು. ದೊಡ್ಡದು ಈಗ ಮನೆಯ ಮುಂದೆ, ತಗಡಿನ ಚಪ್ಪರದಡಿ ನಿಲ್ಲುತ್ತದೆ. ಅದರ ಬಾಲ ಮಾತ್ರ ಪಕ್ಕದ ರಂಗೋಲಿಯ ಕಡೆ ಇನ್ನೂ ಒಂದು ಗೇಣು ಹೋಗುತ್ತದೆ. ಭಾನುವಾರ ಅಪ್ಪಾಜಿ ಗಾಜು ಒರೆಸಿ, ಎಡಗಡೆ ಕೂತು, ಕೊನೆಯ ರೊಟ್ಟಿ ಒಲೆಯಿಂದ ಇಳಿಯುವವರೆಗೆ ಕಾಯುತ್ತಾರೆ. ಹಾರ್ನ್ ಬಾರಿಸುವುದಿಲ್ಲ.