ಬಣ್ಣ ಬೇಡದ ಪಾತ್ರ

ನೇತ್ರಾವತಿ, ನೀನು ಕುಣಿಗಲ್‌ನಿಂದ ಕಳಿಸಿದ ಆ ಹಳೇ ಇಂಗ್ಲಿಷ್ ಕಾದಂಬರಿಯ ಅನುವಾದ ಓದಿ ಮುಗಿಸಿದೆ. ಹೇಗಿತ್ತು ಅಂತ ಕೇಳಿದ್ದೀಯ. ಟೈಪ್ ಮಾಡಲು ಆಗುತ್ತಿಲ್ಲ, ಅದಕ್ಕೇ ವಾಯ್ಸ್ ನೋಟ್. ಸ್ವಲ್ಪ ಉದ್ದವಾಗುತ್ತದೆ, ಕೇಳು.

ಹೆಣಗಳ ತುಂಡು ಜೋಡಿಸಿ ಒಬ್ಬನಿಗೆ ಜೀವ ಕೊಡುತ್ತಾನಲ್ಲ, ಆ ವಿಜ್ಞಾನಿ ತಾನೇ ಅವನ ಮುಖ ನೋಡಿ ಓಡಿಹೋಗುತ್ತಾನೆ. ಆ ಬಡಪಾಯಿ ಯಾರದೋ ಮನೆಯ ಗೋಡೆಯಾಚೆ ಅಡಗಿ ಕೂತು, ಒಳಗಿನವರ ಮಾತು ಕೇಳಿ ಕೇಳಿ ಭಾಷೆ ಕಲಿಯುತ್ತಾನೆ. ಅವರಿಗೆ ಗೊತ್ತಾಗದ ಹಾಗೆ ಸೌದೆ ತಂದಿಡುತ್ತಾನೆ. ಕೊನೆಗೆ ಎದುರಿಗೆ ಬಂದರೆ ಬಡಿಯುತ್ತಾರೆ. ಅದನ್ನು ಓದಿ ತುಮಕೂರಿನ ಬಸ್ಸಿನಲ್ಲೇ ಅತ್ತುಬಿಟ್ಟೆ. ಅತ್ತಿದ್ದಕ್ಕೇ ಈಗ ನಾಚಿಕೆ. ಯಾಕೆಂದರೆ ಅದಕ್ಕೆ ಹತ್ತು ದಿನ ಮುಂಚೆ ನಾನು ಏನು ಮಾಡಿದ್ದೆ ಗೊತ್ತಾ?

ನಮ್ಮೂರಿನ ಅಡವಿಯಪ್ಪನನ್ನು ನೀನು ನೋಡಿಲ್ಲ. ಗುಬ್ಬಿ ಸುತ್ತಲಿನ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವವನು. ಚಿಕ್ಕಂದಿನಲ್ಲಿ ಸೀಮೆಎಣ್ಣೆ ಸ್ಟವ್ ಸಿಡಿದು ಮುಖದ ಒಂದು ಪಕ್ಕ ಬೆಂದುಹೋಗಿದೆ. ಮದುವೆ ಊಟಕ್ಕೆ ಹೋದರೆ ಕೊನೇ ಪಂಕ್ತಿಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಹಾಗೆ ಕೂರು ಅಂತ ಯಾರೂ ಹೇಳಿದ್ದಲ್ಲ.

ಈ ವರ್ಷ ನಮ್ಮೂರಲ್ಲಿ ಪೌರಾಣಿಕ ನಾಟಕ. ಸದಾಶಿವಯ್ಯ ಮೇಷ್ಟ್ರು ಹಾರ್ಮೋನಿಯಂ ಇಟ್ಟುಕೊಂಡು ಮೂರು ತಿಂಗಳು ಸಮುದಾಯ ಭವನದಲ್ಲಿ ಪ್ರಾಕ್ಟೀಸ್ ಮಾಡಿಸಿದರು. ಯಾರಿಗೆ ಯಾವ ಪಾತ್ರ ಅಂತ ಬರೆದುಕೊಳ್ಳುವುದು, ಮರೆತವರಿಗೆ ಪಕ್ಕದಿಂದ ಮಾತು ಹೇಳಿಕೊಡುವುದು ನನ್ನ ಕೆಲಸ. ಅಡವಿಯಪ್ಪ ದಿನಾ ಸಂಜೆ ಲುಂಗಿಗೆ ಅಂಟಿದ ನಾರನ್ನೂ ಕೊಡವದೆ ಬಂದು ಕಿಟಕಿಯಾಚೆ ನಿಲ್ಲುತ್ತಿದ್ದ. ಒಂದು ದಿನ ರಾಜನ ಪಾತ್ರದ ಗುರುಪ್ರಕಾಶನ ಗಂಟಲು ಕಟ್ಟಿ, ಪದ್ಯ ಅರ್ಧಕ್ಕೇ ನಿಂತಿತು. ಉಳಿದರ್ಧ ಆಚೆಯಿಂದ ಕೇಳಿಸಿತು. ಮೇಷ್ಟ್ರು ನುಡಿಸುವುದನ್ನು ನಿಲ್ಲಿಸಲೇ ಇಲ್ಲ. ಮುಗಿದ ಮೇಲೆ ಅವನನ್ನು ಒಳಗೆ ಕರೆದರು. ನಾಲ್ಕು ಪದ್ಯವಿರುವ ರಾಜನ ತಮ್ಮನ ಪಾತ್ರ ಇನ್ನೂ ಖಾಲಿಯಿತ್ತು. ಅದು ಸಿಗುತ್ತದಾ ಅಂತ ಅಡವಿಯಪ್ಪ ನೆಲ ನೋಡುತ್ತಲೇ ಕೇಳಿದ.

ಪಟ್ಟಿ ನನ್ನ ಕೈಯಲ್ಲಿತ್ತು.

"ರಾಕ್ಷಸನ ಪಾರ್ಟೂ ಖಾಲಿ ಐತೆ ಕಣಣ್ಣ. ನಿನಗಾದ್ರೆ ಬಣ್ಣ ಬಳಿಯೋ ಕೆಲ್ಸನೇ ಇಲ್ಲ" ಅಂದೆ.

ಎಲ್ಲರೂ ನಕ್ಕರು. ಅವನೂ ನಕ್ಕ. "ಆಯ್ತು ಬುಡು ಸಿಂಚನವ್ವ, ಅದನ್ನೇ ಬರ್ಕೋ" ಅಂದ. ಎರಡು ದಿನ ಬಂದು ಅಬ್ಬರಿಸಿದ. ರಾಕ್ಷಸನಿಗೆ ಒಂದೂ ಪದ್ಯವಿಲ್ಲ. ಮೂರನೇ ದಿನದಿಂದ ಕಿಟಕಿಯ ಹತ್ತಿರವೂ ಬರಲಿಲ್ಲ.

ಕಾದಂಬರಿ ಓದಿ ಅತ್ತೆನಲ್ಲ, ಅವತ್ತು ಬಸ್ಸಿಳಿದು ಸೀದಾ ಅವನ ಮನೆಗೆ ಹೋದೆ. ತಪ್ಪಾಯಿತು, ರಾಜನ ತಮ್ಮನ ಪಾತ್ರ ನಿನ್ನದೇ, ಮೇಷ್ಟ್ರಿಗೆ ನಾನು ಹೇಳುತ್ತೇನೆ ಅಂದೆ. ಅವನು ಕೈಕಾಲು ತೊಳೆಯುತ್ತಿದ್ದ.

"ನೀನು ತಮಾಷೆಗಂದೆ, ನಂಗೊತ್ತಿಲ್ವಾ. ಆದ್ರೆ ಅವತ್ತು ಭದ್ರಮ್ಮನ್ನೂ ಕರ್ಕೊಂಬಂದಿದ್ದೆ ಕಣವ್ವ, ಮೇಷ್ಟ್ರು ಬಾರ್ಸೋದು ಕೇಳ್ಲಿ ಅಂತ. ಆಚೆ ನಿಂತಿತ್ತು."

ಭದ್ರಮ್ಮ ಅವನ ಹೆಂಡತಿ. ಆಗಲೂ ಬಾಗಿಲಲ್ಲೇ ನಿಂತಿದ್ದಳು. ಒಂದೇ ಒಂದು ಸಲ ಬಾ ಅಣ್ಣ ಅಂತ ಮತ್ತೆ ಬೇಡಿಕೊಂಡೆ. ಅವನು ಹೆಂಡತಿಯ ಕಡೆ ನೋಡಿದ. ಅವಳು "ಬ್ಯಾಡ" ಅಂದಳು, ಅಷ್ಟೇ.

ಕಳೆದ ಶನಿವಾರ ನಾಟಕವಾಯಿತು. ಜನ ಚೆನ್ನಾಗಿ ಸೇರಿದ್ದರು. ರಾಜನ ತಮ್ಮನ ಪಾತ್ರಕ್ಕೆ ಪಕ್ಕದ ಬೀದಿಯ ರವಿಕಿರಣನನ್ನು ಹಾಕಿದ್ದೆವು. ಅವನ ದನಿ ಅಷ್ಟು ಮೇಲಕ್ಕೆ ಏರುವುದಿಲ್ಲ. ಆ ನಾಲ್ಕೂ ಪದ್ಯಗಳನ್ನು ಮೇಷ್ಟ್ರು ಹಾಡಿಸದೆ ಬರೀ ಮಾತಿನಲ್ಲಿ ಹೇಳಿಸಿದರು.