ಅವ್ವ ನುಂಗದ ಮಾತ್ರೆ

ಅವ್ವ ದುದ್ದದ ಹತ್ತಿರದ ನಮ್ಮೂರಿನ ಅಂಗನವಾಡಿಯಲ್ಲಿ ಸಹಾಯಕಿ. ಒಂದು ದಿನ ಅನ್ನದ ಪಾತ್ರೆ ಇಳಿಸುವಾಗ ಬೆನ್ನೊಳಗೆ ಏನೋ ಲಟಕ್ಕೆಂದು ಅಲ್ಲೇ ಕುಸಿದಳು. ಉಳುಕೆಂದು ಎಣ್ಣೆ ತಿಕ್ಕಿಸಿಕೊಂಡಳು. ನೋವು ಹೋಗಲಿಲ್ಲ. ಮಂಡ್ಯದಲ್ಲಿ ಎಕ್ಸ್‌ರೇ ತೆಗೆಸಿದರೆ ಬೆನ್ನುಮೂಳೆ ಮುರಿದಿತ್ತು, ಉಳಿದ ಮೂಳೆಗಳಲ್ಲೂ ಹುಳ ತಿಂದಂತೆ ತೂತು. ಸೊಂಟದಿಂದ ಮಜ್ಜೆ ತೆಗೆದು ಪರೀಕ್ಷಿಸಿ, ಮಜ್ಜೆಯ ಕ್ಯಾನ್ಸರ್ ಎಂದರು.

ಅಪ್ಪ ಹೋಗಿ ಬಹಳ ವರ್ಷವಾಗಿತ್ತು. ನಾನು ಒಬ್ಬಳೇ ಮಗಳು. ಅವಳನ್ನು ಮದ್ದೂರಿನ ನಮ್ಮ ಬಾಡಿಗೆ ಮನೆಗೆ ಕರೆತಂದೆವು. ಆಗ ನಾನು ಬಸುರಿ. ಎರಡು ಸಲ ಇಳಿದುಹೋಗಿ, ಆಸೆಯನ್ನೇ ಬಿಟ್ಟ ಮೇಲೆ ನಿಂತ ಬಸುರು ಅದು.

ಮಂಡ್ಯದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಅವ್ವನ ಎದುರಿಗೇ ಬಿಡಿಸಿ ಹೇಳಿದರು. "ಕ್ಯಾನ್ಸರ್ ಕೋಶ ಬೆಳೀಬೇಕಾದ್ರೆ ರಕ್ತ ಬೇಕಲ್ಲ, ಅದಕ್ಕೆ ಮಜ್ಜೆಯೊಳಗೆ ಹೊಸ ಹೊಸ ರಕ್ತನಾಳ ಹುಟ್ಟಿಸಿಕೊಳ್ಳುತ್ತೆ. ಈ ಮಾತ್ರೆ ಆ ನಾಳಗಳು ಬೆಳೆಯೋದನ್ನ ತಡೆಯುತ್ತೆ." ಆಮೇಲೆ ನನ್ನ ಹೊಟ್ಟೆ ನೋಡಿದರು. "ನೀವು ಮಾತ್ರ ಇದನ್ನ ಮುಟ್ಟಬೇಡಿ. ಮಗು ಬೆಳೆಯೋದಕ್ಕೂ ಹೊಸ ರಕ್ತನಾಳ ಬೇಕು. ಬಸುರಿ ಹೊಟ್ಟೆಗೆ ಇದು ಹೋದರೆ ಮಗುವಿಗೆ ಕೈಕಾಲು ಸರಿಯಾಗಿ ಮೂಡಲ್ಲ. ಅಮ್ಮನ ಬಟ್ಟೆ ಒಗೆಯೋದನ್ನೂ ಬೇರೆಯವರಿಗೆ ಬಿಡಿ."

ಅವ್ವ ಬಸ್ಸಿಳಿದು ಮನೆ ಹತ್ತಿರ ಬಂದಾಗ, "ನನ್ನ ಊರಲ್ಲಿ ಬುಟ್‌ಬುಡು ಮಗಾ," ಎಂದಳು.

"ಅಲ್ಲಿ ಯಾರವ್ವ ನೋಡ್ಕಳೋರು?"



ಮಾತ್ರೆ ಕೊಡುವ ಕೆಲಸ ನನ್ನ ಗಂಡನದಾಯಿತು. ಅಳಿಯನೆದುರು ಕುರ್ಚಿಯ ಮೇಲೆ ಕೂರದವಳು, ಅವನು ಬಂದರೆ ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದವಳು, ಈಗ ಊಟವಾದ ಮೇಲೆ ತಲೆ ತಗ್ಗಿಸಿ ಅವನ ಮುಂದೆ ಅಂಗೈ ಚಾಚಬೇಕಿತ್ತು. ಬಟ್ಟೆಯನ್ನೂ ಅವನೇ ಒಗೆಯುತ್ತಿದ್ದ. ಅದಕ್ಕೆ ಅವ್ವ ಕದ್ದು ಅತ್ತದ್ದುಂಟು.

ಮೊದಮೊದಲು ರಕ್ತದ ವರದಿ ಸುಧಾರಿಸಿತು. ಗೋಡೆ ಹಿಡಿದು ನಡೆಯತೊಡಗಿದಳು. ಆಮೇಲೆ ಇದ್ದಕ್ಕಿದ್ದಂತೆ ಕೆಟ್ಟಿತು. ಮಾತ್ರೆ ಹಿಡಿಯುತ್ತಿಲ್ಲವೇಕೆಂದು ಡಾಕ್ಟರಿಗೂ ತಿಳಿಯಲಿಲ್ಲ. ಅವಳ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದುಕೊಡಲು ಹೋದಾಗ ನನ್ನ ಗಂಡನಿಗೆ ಮಾತ್ರೆಗಳು ಸಿಕ್ಕವು. ಒಂದಕ್ಕೊಂದು ಅಂಟಿಕೊಂಡು, ಹಳೇ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿದ್ದವು.

"ಏನತ್ತೆ ಇದು?" ಎಂದ.

ಅವ್ವ ನನ್ನ ಕಡೆ ತಿರುಗಿದಳು. "ನಾನು ನುಂಗುದ್ರೆ ನನ್ನ ಮೈಯೆಲ್ಲಾ ಅದೇ ತಾನೆ? ನೀನು ನನ್ನ ತಲೆ ಬಾಚ್ತೀಯ, ಬೆನ್ನು ಒರುಸ್ತೀಯ. ಬ್ಯಾಡ ಅಂದ್ರೂ ಕೇಳಾಕಿಲ್ಲ. ಮಗೀಗೆ ಏನಾರ ಆದ್ರೆ ಯಾರಿಗೆ ಏಳನ ಕಣವ್ವ?"

ತಲೆ ಬಾಚಿದರೆ, ಬೆನ್ನು ಒರೆಸಿದರೆ ಏನೂ ಆಗದೆಂದು ಡಾಕ್ಟರಿಂದಲೇ ಹೇಳಿಸಿದೆವು. ಅವಳು ನಂಬಲಿಲ್ಲ. ಕಡೆಗೆ ನಾನೇ ಮಳವಳ್ಳಿಯ ಅತ್ತೆಮನೆಗೆ ಹೊರಟುಹೋದೆ. ಅವತ್ತಿನಿಂದ ಅವ್ವ ಅಳಿಯನೆದುರೇ ಮಾತ್ರೆ ನುಂಗಿ, ನೀರು ಕುಡಿದು, ಬಾಯಿ ತೆರೆದು ತೋರಿಸುತ್ತಿದ್ದಳಂತೆ. ಅಷ್ಟರಲ್ಲಿ ಮೂತ್ರಪಿಂಡ ಕೆಟ್ಟಿತ್ತು. ಮಗ್ಗುಲಾಗುವಾಗ ತೋಳಿನ ಮೂಳೆಯೂ ಮುರಿಯಿತು.

ಮಂಡ್ಯದಲ್ಲಿ ನನಗೆ ಹೆರಿಗೆಯಾಯಿತು. ಹೆಣ್ಣುಮಗು. ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಅವ್ವ ಮಲಗಿದ್ದಳು. ಮಗುವನ್ನು ಎತ್ತಿಕೊಂಡು ಹೋದೆ. ಮುರಿದ ತೋಳಲ್ಲಿ ಎತ್ತಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ, ಪಕ್ಕದಲ್ಲಿ ಮಲಗಿಸಿದೆ. ಕಣ್ಣಲ್ಲೇ ಸನ್ನೆ ಮಾಡಿ ಬಟ್ಟೆ ಬಿಚ್ಚಿಸಿ, ಮಗುವಿನ ಕೈ, ಕಾಲು, ಬೆರಳು ಒಂದೊಂದನ್ನೂ ನೋಡಿದಳು.

"ಸರಿಯಾಗವೆ," ಎಂದಳು. ನನ್ನೊಡನೆ ಅವಳಾಡಿದ ಕೊನೆಯ ಮಾತು ಅದೇ.

ಮಾತ್ರೆಯನ್ನು ಸರಿಯಾಗಿ ನುಂಗಿದ್ದರೆ ಉಳಿಯುತ್ತಿದ್ದಳೇ ಎಂದು ಆಮೇಲೆ ಡಾಕ್ಟರನ್ನು ಕೇಳಿದೆ. ಇನ್ನಷ್ಟು ಕಾಲ ಇರಬಹುದಿತ್ತೇನೋ, ಹೇಳಲಾಗದು ಎಂದರು. ನನ್ನ ಮುಖ ನೋಡಿ ಹಾಗೆ ಹೇಳಿದರೋ, ನಿಜವೇ ಅಷ್ಟೋ, ನನಗೆ ತಿಳಿಯದು.

ಮಗಳು ಈಗ ಬೀದಿಯ ತುಂಬ ಓಡುತ್ತಾಳೆ. ನೋಡಿದವರು, "ಅಜ್ಜಿ ಮಾಡಿದ ಪುಣ್ಯ ಕಣಮ್ಮ," ಎನ್ನುತ್ತಾರೆ. ನಾನು ಒಳಗೆ ಹೋಗಿಬಿಡುತ್ತೇನೆ.